ಗಾಯಕ್ಕೆ ಕಟ್ಟಿದ ಕರ್ಚೀಫು

"ಈ ನಾಯಿ ಮುಟ್ಟಿದ್ರೆ ನನ್ನೂ ಬಲೇಲಿ ಆಕ್ಕಂಡು ಓಗ್ಬೇಕು!"

ಹುಡುಗಿ ರಸ್ತೆಯ ನಟ್ಟನಡುವೆ ಕುಳಿತಿದ್ದಳು. ಅವಳ ಎರಡೂ ತೋಳುಗಳ ನಡುವೆ ಒಂದು ಕಂದು ಬಣ್ಣದ ಕುಂಟು ನಾಯಿ. ಅವಳೆದುರು ಬಲೆ ಹಿಡಿದ ಇಬ್ಬರು ಏನು ಮಾಡುವುದೆಂದು ತೋಚದೆ ನಿಂತಿದ್ದರು. ಅವರ ಹಿಂದೆ ನಾಯಿ ಹಿಡಿಯುವ ಗಾಡಿ. ಅದರ ಕಂಬಿಗಳ ಸಂದಿಯಲ್ಲಿ ಹನ್ನೊಂದು ಮೂತಿಗಳು.

ಎಎಸ್‌ಐ ಕೋದಂಡಪ್ಪ ಬೈಕಿಗೆ ಸ್ಟ್ಯಾಂಡು ಹಾಕಿ ಹತ್ತಿರ ಬಂದ. ಆಂಡರ್ಸನ್‌ಪೇಟೆಯ ಹಳೆಯ ಚಿನ್ನದ ಗಣಿಯ ಪಕ್ಕದ ಈ ಮೈದಾನಕ್ಕೆ ಆರು ದಿನಗಳಲ್ಲಿ ಇದು ಅವನ ನಾಲ್ಕನೆಯ ಭೇಟಿ. ಕಳೆದ ಗುರುವಾರ ಬೆಳಿಗ್ಗೆ ಇದೇ ಮೈದಾನದ ಅಂಚಿನಲ್ಲಿ ಹೂ ಮಾರುವ ಕನಕಮ್ಮ ನಾಯಿ ಕಚ್ಚಿ ರಕ್ತದ ಮಡುವಿನಲ್ಲಿ ಬಿದ್ದಿದ್ದಳು. ಮರುದಿನ ಕೋಲಾರದ ಆಸ್ಪತ್ರೆಯಲ್ಲಿ ತೀರಿಕೊಂಡಳು. 'ಬೀದಿನಾಯಿಗಳ ದಾಳಿ' ಎಂದು ಬರೆದು ಕಡತ ಮುಚ್ಚುವುದಷ್ಟೇ ಬಾಕಿ ಇತ್ತು.

"ಏಳಮ್ಮ, ಬಸ್ಸು ಬರೋ ರಸ್ತೆ. ಯಾರು ನೀನು?"

"ಕನಕಮ್ಮುನ್ ಮಗಳು. ಸುಮಿತಾ. ಊರು ಕ್ಯಾಸಂಬಳ್ಳಿ."

ಕೋದಂಡಪ್ಪನ ದನಿ ತಾನಾಗಿಯೇ ತಗ್ಗಿತು. "ನಿಮ್ಮಮ್ಮನ್ನ ಕಚ್ಚಿದ ನಾಯಿಗಳನ್ನೇ ಹಿಡೀತಿರೋದು ತಾಯಿ."

"ಇವೇ ಅಂತ ಯಾರ್ ಏಳಿದ್ದು? ನೀವು ನೋಡಿದ್ರಾ ಸಾರ್?" ಹುಡುಗಿ ತಲೆ ಎತ್ತಿದಳು. ಅತ್ತು ಅತ್ತು ಒಣಗಿದ ಕಣ್ಣು. "ಅನ್ನೆರಡು ವರ್ಷದಿಂದ ನಮ್ಮಮ್ಮ ಫಸ್ಟ್ ಬಸ್ಸಿಗೆ ಬಂದು ಇಲ್ಲೇ ಇಳೀತಿದ್ಲು. ಊವಿನ ಬುಟ್ಟಿ ಇಳಿಸಿ, ಇವುಕ್ಕೆ ಬನ್ನು ಮುರ್ದು ಆಕಿ, ಆಮೇಲೆ ವ್ಯಾಪಾರಕ್ಕೆ ಓಗ್ತಿದ್ಲು. ನಾನು ಉಣ್ಣದಿದ್ರೂ ಕೇಳ್ತಿರ್ಲಿಲ್ಲ, ಇವುಕ್ಕೆ ಆಕದಿದ್ರೆ ಅವ್ಳಿಗೆ ಅನ್ನ ಇಳೀತಿರ್ಲಿಲ್ಲ. ಇವು ಅವ್ಳನ್ನ ಕಚ್ತಾವಾ?"

ಅವಳ ಪಕ್ಕದಲ್ಲಿ ಒಂದು ಬೇಕರಿಯ ಕಾಗದದ ಪೊಟ್ಟಣ ಒಡೆದು ಬಿದ್ದಿತ್ತು. ಬನ್ನಿನ ಚೂರುಗಳು ಟಾರಿನ ಮೇಲೆ ಚೆಲ್ಲಿದ್ದವು. ತಾಯಿ ಹಾಕುತ್ತಿದ್ದುದನ್ನು ಹಾಕಲು ಬಂದಿದ್ದಾಳೆ, ಗಾಡಿ ಎದುರಾಗಿದೆ.

"ಇಂಡು ನಾಯಿ ಒಟ್ಟಿಗೆ ಬಿದ್ರೆ ಪರಿಚಯ ಗಿರಿಚಯ ನೋಡಲ್ಲಮ್ಮ," ಬಲೆ ಹಿಡಿದವನೊಬ್ಬ ಹೇಳಿದ.

ಅವಳು ಅವನತ್ತ ತಿರುಗಲೂ ಇಲ್ಲ. ಸೆರಗಿನ ಮರೆಯಿಂದ ಒಂದು ಪ್ಲಾಸ್ಟಿಕ್ ಕವರು ತೆಗೆದು ಕೋದಂಡಪ್ಪನ ಕೈಗೆ ಕೊಟ್ಟಳು.

"ಆಸ್ಪತ್ರೇಲಿ ಅಮ್ಮನ ಬಟ್ಟೆ ಕೊಟ್ಟಿದ್ರು. ಬಿಚ್ಚಕ್ಕೆ ಧೈರ್ಯ ಬಂದಿರ್ಲಿಲ್ಲ. ನೆನ್ನೆ ಬಿಚ್ದೆ. ಇದು ಅಮ್ಮಂದಲ್ಲ ಸಾರ್."

ಒಳಗೆ ಗಂಡಸರ ಕರ್ಚೀಫು. ನೀಲಿ ಚೌಕಳಿ. ರಕ್ತ ಒಣಗಿ ರಟ್ಟಿನಂತೆ ಸೆಟೆದಿತ್ತು. ಬಿಚ್ಚಿದ ಮೇಲೂ ಗಂಟಿನ ಸುರುಳಿ ಹಾಗೆಯೇ ಉಳಿದಿತ್ತು.

"ತೋಳಿಗೆ ಕಟ್ಟಿತ್ತು ಅಂತ ನರ್ಸಮ್ಮ ಏಳುದ್ರು. ಬೀದಿನಾಯಿ ಕಚ್ಬುಟ್ಟು ಕರ್ಚೀಫೂ ಕಟ್ತದಾ?"

ಕೋದಂಡಪ್ಪ ಕವರನ್ನು ತಿರುಗಿಸಿ ನೋಡಿದ. ಮೂವತ್ತಾರು ವರ್ಷದ ಸರ್ವಿಸು, ನಿವೃತ್ತಿಗೆ ಎರಡು ತಿಂಗಳು. ಆಸ್ಪತ್ರೆಯ ಚೀಟಿಯಲ್ಲಿ 'ಎಡತೋಳಿಗೆ ಬಟ್ಟೆ ಕಟ್ಟಿದ್ದು' ಎಂಬ ಸಾಲನ್ನು ಅವನೂ ಓದಿದ್ದ. ಓದಿ ಪುಟ ತಿರುಗಿಸಿದ್ದ. ಅವಳನ್ನು ಮೊದಲು ಕಂಡ ಹಾಲಿನ ವ್ಯಾನಿನವನು, ತಾನು ಮುಟ್ಟಲಿಲ್ಲ, ಆಂಬುಲೆನ್ಸಿಗೆ ಫೋನು ಮಾಡಿದೆನಷ್ಟೇ ಎಂದು ಹೇಳಿಕೆ ಕೊಟ್ಟಿದ್ದ.

ಹಾಗಾದರೆ ಅವನಿಗಿಂತ ಮೊದಲು ಒಬ್ಬ ಗಂಡಸು ಅಲ್ಲಿದ್ದ. ಗಾಯ ನೋಡಿದ, ಕಟ್ಟಿದ, ಹೊರಟುಹೋದ.

"ಗಾಡಿ ತಿರುಗಿಸ್ಕೊಳ್ರಪ್ಪ," ಎಂದ ಕೋದಂಡಪ್ಪ. "ಹಿಡಿದಿರೋವಕ್ಕೆ ಚುಚ್ಚುಮದ್ದು ಹಾಕಿಸಿ, ಇದೇ ಜಾಗಕ್ಕೆ ತಂದು ಬಿಡಬೇಕು. ಒಂದು ಕಡಿಮೆಯಾದ್ರೂ ನಾನು ಕೇಳ್ತೀನಿ. ಮೇಲಿನೋರು ಕೇಳಿದ್ರೆ ನನ್ನ ಹೆಸರು ಹೇಳಿ."

ಸುಮಿತಾ ನಾಯಿಯ ಕುತ್ತಿಗೆಯಿಂದ ಕೈ ತೆಗೆದಳು. ನಾಯಿ ಓಡಲಿಲ್ಲ. ರಸ್ತೆಯ ಮೇಲಿನ ಬನ್ನನ್ನು ಮೂಸಿ, ತಿನ್ನದೆ, ಮತ್ತೆ ಬಂದು ಅವಳ ಕಾಲ ಬಳಿ ಮಲಗಿತು.

"ಮನೇಲಿ ಯಾರವ್ರಮ್ಮ?"

"ಈಗ ನಾನೊಬ್ಳೇ ಸಾರ್."

ಆ ಮಾತಿಗೆ ಏನು ಹೇಳಬೇಕೆಂದು ಕೋದಂಡಪ್ಪನಿಗೆ ಗೊತ್ತಿತ್ತು. ಯಾರೂ ಏನೂ ಹೇಳಬಾರದು. ಬಂಗಾರಪೇಟೆಯ ಅವನ ಮನೆಯಲ್ಲಿ ಮೂರು ವರ್ಷದಿಂದ ಅವನೊಬ್ಬನೇ. ಬೆಳಿಗ್ಗೆ ರೈಲಿಗೆ ಹೊರಡುವಾಗ ಟೀವಿ ಆರಿಸದೆ ಬೀಗ ಹಾಕುತ್ತಾನೆ. ಸಂಜೆ ಬಾಗಿಲು ತೆಗೆದಾಗ ಒಳಗೆ ಯಾರದಾದರೂ ದನಿ ಇರಲಿ ಎಂದು. ಹೆಂಡತಿ ಶಶಿರೇಖ ಇದ್ದಿದ್ದರೆ ಕರೆಂಟು ಬಿಲ್ಲಿಗೆ ಬೈಯುತ್ತಿದ್ದಳು.

ಕರ್ಚೀಫನ್ನು ಜೋಪಾನವಾಗಿ ಜೇಬಿಗಿಳಿಸಿಕೊಂಡು ಬೈಕು ಹತ್ತಿದ.

* * *

ಪಶು ಆಸ್ಪತ್ರೆಯಲ್ಲಿ ಡಾಕ್ಟರ್ ಅರ್ಚನ ಕನಕಮ್ಮನ ತೋಳಿನ ಫೋಟೋಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಮೇಜಿನ ಸೆಳೆಖಾನೆಯಿಂದ ಸ್ಕೇಲು ತೆಗೆದರು.

"ಹಿಂಡು ನಾಯಿ ಅಂತ ಯಾರು ಬರೆದಿದ್ದು ಸಾರ್?"

"ನಾವೇ."

"ಇದು ಒಂದೇ ನಾಯಿ. ಎಲ್ಲಾ ಗುರುತು ಒಂದೇ ಅಳತೆ. ಬೀದಿನಾಯಿಗೆ ಇಷ್ಟು ಅಗಲದ ದವಡೆ ಇರಲ್ಲ." ಅವರ ಬೆರಳು ಒಂದು ಕಡೆ ನಿಂತಿತು. "ಇಲ್ಲಿ ನೋಡಿ. ಬಲಗಡೆ ಕೋರೆಹಲ್ಲು ಆಳಕ್ಕಿಳಿದಿದೆ. ಎಡಗಡೆಯದು ಬರೀ ತರಚಿದೆ. ಎಲ್ಲಾ ಫೋಟೋದಲ್ಲೂ ಹಾಗೇ. ಈ ನಾಯಿಗೆ ಮೇಲಿನ ಎಡ ಕೋರೆ ಮುರಿದಿದೆ."

ಕರ್ಚೀಫಿನ ಮಡಿಕೆಯಿಂದ ಅವರು ಚಿಮಟದಲ್ಲಿ ಎರಡು ಕೂದಲು ತೆಗೆದರು. ಗಿಡ್ಡ, ಒರಟು, ಕಪ್ಪು.

ಎದ್ದು ಹೋಗಿ ಒಂದು ದಪ್ಪ ರಿಜಿಸ್ಟರು ತಂದರು. ಹಾಳೆಗಳು ಸರಿದವು. ಒಂದು ಹಾಳೆಯನ್ನು ತಿರುಗಿಸಿ ಅವನ ಮುಂದಿಟ್ಟರು.

ಮೇಜರ್. ರಾಟ್‌ವೀಲರ್ ಗಂಡು. ನಾಲ್ಕು ವರ್ಷ. ಮೇಲಿನ ಎಡ ಕೋರೆ ಮುರಿದಿದೆ. ಹೋದ ವಾರ ಸೋಮವಾರ ಕಿವಿ ನೋವಿಗೆ ಔಷಧಿ. ಮಾಲೀಕರು: ಸುಬ್ರಮಣಿ, ಮೈದಾನದ ಪಕ್ಕ.

ಕೋದಂಡಪ್ಪ ಆ ಹೆಸರನ್ನು ಎರಡು ಸಲ ಓದಿದ.

ಆ ಮನೆ ಅವನಿಗೆ ಗೊತ್ತಿತ್ತು. ಎರಡು ವರ್ಷದ ಹಿಂದೆ ವಾಕಿಂಗಿಗೆ ಬಂದ ಒಬ್ಬ ಮೇಷ್ಟರ ಮೀನಖಂಡವನ್ನು ಅದೇ ನಾಯಿ ಹರಿದಿತ್ತು. ಅರ್ಜಿ ಬಂತು. ವಿಚಾರಣೆಗೆ ಹೋದವನು ಇದೇ ಕೋದಂಡಪ್ಪ. ಸುಬ್ರಮಣಿ ಕಾಫಿ ಕೊಟ್ಟ. "ನಮ್ಮ ನಾಯಿ ಏನೂ ಮಾಡಲ್ಲ ಸಾರ್, ಅವ್ರೇ ಎದ್ರಿ ಓಡಿದ್ರು" ಎಂದ. ಕಟ್ಟಿಹಾಕಿ ಎಂದು ಹೇಳಿ, ಕಾಫಿ ಕುಡಿದು, 'ಮಾಲೀಕನಿಗೆ ತಿಳುವಳಿಕೆ ಹೇಳಲಾಗಿದೆ' ಎಂದು ಬರೆದು ಬಂದಿದ್ದ. ಆ ನಾಯಿಯ ಮೇಲೆ ಒಟ್ಟು ಐದು ಅರ್ಜಿ. ಒಂದನ್ನು ಅವನು ಮುಗಿಸಿದ್ದ, ಉಳಿದವನ್ನು ಠಾಣೆಯ ಬೇರೆಯವರು. ಐದಕ್ಕೂ ಅದೇ ಒಂದು ಸಾಲು.

"ನಾಯಿ ಸಿಗಬೇಕು ಸಾರ್," ಅರ್ಚನ ಹೇಳುತ್ತಿದ್ದರು. "ದವಡೆಯ ಅಚ್ಚು ತೆಗೆದು ಗಾಯಕ್ಕೆ ಹೊಂದಿಸಿದರೆ ಮಾತ್ರ ನಾಳೆ ಕೋರ್ಟಲ್ಲಿ ನಿಲ್ಲುತ್ತೆ. ಫೋಟೋ ಇಟ್ಟುಕೊಂಡು ನಾನೆಷ್ಟು ಹೇಳಿದ್ರೂ ವಕೀಲರು ನಗ್ತಾರೆ."

"ಇನ್ನೂ ಇಟ್ಕೊಂಡಿರ್ತಾನಾ ಡಾಕ್ಟ್ರೆ?"

"ಆ ಮನುಷ್ಯ ಅದನ್ನ ಬಿಟ್ಟಿರಲ್ಲ ಸಾರ್. ಚುಚ್ಚುಮದ್ದು ಕೊಡುವಾಗ ನಾಯಿ ಸುಮ್ಮನಿರುತ್ತೆ, ಅವರು ಅಳ್ತಾರೆ."

* * *

ಸುಬ್ರಮಣಿ ಬಾಗಿಲು ತೆಗೆದಾಗ ಮಧ್ಯಾಹ್ನ ಹನ್ನೆರಡು. ಅರವತ್ತರ ಮೇಲಿನ ದಪ್ಪ ದೇಹ, ಬನಿಯನ್ನು, ನಾಲ್ಕಾರು ದಿನದ ಬಿಳಿ ಗಡ್ಡ. ಒಂದು ಕಾಲಕ್ಕೆ ಮೂರು ಲಾರಿ ಓಡಿಸಿದ ಮನುಷ್ಯ.

ಹಾಲಿನಲ್ಲಿ ಒಂದೇ ಒಂದು ಸೋಫಾ. ಅದರ ಒಂದು ತುದಿ ಕಿತ್ತು ನಾರು ಹೊರಬಂದಿತ್ತು. ಆ ತುದಿಯ ತುಂಬ ಕಪ್ಪು ಕೂದಲು. ಇನ್ನೊಂದು ತುದಿಯಲ್ಲಿ ಮನುಷ್ಯ ಕುಳಿತು ಕುಳಿತು ಆದ ಗುಂಡಿ. ಕೋದಂಡಪ್ಪ ನಿಂತೇ ಇದ್ದ.

"ಮೇಜರ್ ಎಲ್ಲಿ?"

"ಮೇಜರಾ? ಮಾರ್ಬುಟ್ಟೆ ಸಾರ್. ಓದ ತಿಂಗ್ಳೇ. ವಯಸ್ಸಾಯ್ತು, ನೋಡ್ಕಣಕ್ಕಾಗಲ್ಲ."

"ಹೋದ ತಿಂಗಳು ಮಾರಿದ ನಾಯಿ ಕಿವಿಗೆ ಹೋದ ವಾರ ಸೋಮವಾರ ಔಷಧಿ ಹಾಕಿಸಿದ್ದೀರಿ."



ಕೋದಂಡಪ್ಪ ಜೇಬಿನಿಂದ ಕರ್ಚೀಫಿನ ಕವರು ತೆಗೆದು ಟೀಪಾಯಿಯ ಮೇಲಿಟ್ಟ. ಹಿತ್ತಿಲ ಬಾಗಿಲು ತೆರೆದಿತ್ತು. ಒಣಹಾಕಿದ ತಂತಿಯ ಮೇಲೆ ಅದೇ ನೀಲಿ ಚೌಕಳಿಯ ಎರಡು ಕರ್ಚೀಫು ಗಾಳಿಗೆ ಆಡುತ್ತಿದ್ದವು. ಇಬ್ಬರೂ ಅವನ್ನು ನೋಡಿದರು.

ಸುಬ್ರಮಣಿ ಸೋಫಾದ ತನ್ನ ಗುಂಡಿಯಲ್ಲಿ ಕುಸಿದು ಕುಳಿತ.

"ಈ ಮನೇಗೆ ಯಾರೂ ಬರಲ್ಲ ಸಾರ್," ಎಂದ. ಕೇಳಿದ ಪ್ರಶ್ನೆಗೂ ಈ ಮಾತಿಗೂ ಸಂಬಂಧವಿರಲಿಲ್ಲ. "ಎಂಡ್ತಿ ಒಸೂರಿನಾಗೆ ಮಗಳ ಮನೇಲಿ ಅವ್ಳೆ. ನಾಯಿ ಬೇಕಾ ನಾನ್ ಬೇಕಾ ಅಂದ್ಲು. ಸುಮ್ನೆ ಅಂದ್ಲು ಅಂದ್ಕಂಡೆ. ಓಗೇ ಬುಟ್ಲು. ಆಲಿನೋನು ಗೇಟಿನಾಗೇ ಪಾಕೀಟು ಎಸ್ದು ಓಗ್ತಾನೆ. ನೀವು ಬಂದಿದ್ರಿ ಒಂದ್ಸಲ, ಕಾಫಿ ಕುಡುದ್ರಿ..."

"ಗುರುವಾರ ಏನಾಯ್ತು?"

"ಸರಪಳಿ ಆಕಿದ್ರೆ ಅಳ್ತಾನೆ ಸಾರ್ ಅವ್ನು. ಮನುಷ್ಯರ ತರ. ನಂಗೆ ಕೇಳಕ್ಕಾಗಲ್ಲ. ಅದ್ಕೇ ಬೆಳಕು ಅರಿಯೋ ಒತ್ಗೆ ಮೈದಾನಕ್ಕೆ ಬಿಡ್ತಿದ್ದೆ. ಯಾರೂ ಇರಲ್ವಲ್ಲ ಅಂತ."

"ಕನಕಮ್ಮ ಇರ್ತಿದ್ದಳಲ್ಲ. ಹನ್ನೆರಡು ವರ್ಷದಿಂದ."

ಸುಬ್ರಮಣಿ ನೆಲ ನೋಡಿದ. "ಆಯಮ್ಮ ದೂರ ಕುಂತಿರ್ತಿದ್ಲು. ಆವತ್ತು ಬೀದಿನಾಯ್ಗೋಳ್ಗೆ ಏನೋ ಆಕ್ತಾ ಇದ್ಲು. ಇವ್ನು ಅವುಗಳ ಮ್ಯಾಲೆ ನುಗ್ಗಿದ. ಒಂದು ಕುಂಟು ನಾಯಿ, ಓಡಕ್ಕಾಗ್ಲಿಲ್ಲ ಅದ್ಕೆ. ಆಯಮ್ಮ ಬುಟ್ಟಿ ಅಡ್ಡ ಇಡ್ಕಂಡು ಮದ್ಯಕ್ಕೆ ಬಂದ್ಬುಟ್ಲು. ಬುಟ್ಟಿ ಓಯ್ತು, ತೋಳು ಸಿಕ್ತು."

"ನೀವೆಲ್ಲಿದ್ರಿ?"

"ಕೂಗ್ತಾ ಇದ್ದೆ. 'ಎದ್ರಬೇಡಮ್ಮ, ಅವ್ನು ಏನೂ ಮಾಡಲ್ಲ' ಅಂತ ಕೂಗ್ತಾ ಇದ್ದೆ ಸಾರ್."

ಹಿತ್ತಿಲಲ್ಲಿ ಗಾಳಿಗೆ ಬಾಗಿಲು ಒಮ್ಮೆ ಬಡಿಯಿತು.

"ಆ ಬೀದಿನಾಯ್ಗೋಳು ಓಡ್ಲಿಲ್ಲ. ಎಲ್ಲಾ ಸೇರಿ ಮೇಜರ್ ಮ್ಯಾಲೆ ಬಿದ್ವು. ಅವು ಬಿದ್ದಿದ್ದಕ್ಕೇ ಅವ್ನು ತೋಳು ಬಿಟ್ಟ. ಇಲ್ದಿದ್ರೆ ಅಲ್ಲೇ..."

ಕೋದಂಡಪ್ಪ ಕಣ್ಣು ಮುಚ್ಚಿ ತೆರೆದ. ಕಂಬಿಯ ಸಂದಿಯ ಹನ್ನೊಂದು ಮೂತಿಗಳು ಎದುರಿಗೆ ಬಂದವು.

"ಆಮೇಲೆ?"

"ಕರ್ಚೀಫು ಕಟ್ದೆ. ಆಯಮ್ಮ ಕುಂತಿದ್ಲು ಸಾರ್, ಮಾತಾಡ್ತಾ ಇದ್ಲು. 'ಮೊದ್ಲು ನಾಯಿ ಕಟ್ಟಾಕಪ್ಪ' ಅಂದ್ಲು. ಬೈಲಿಲ್ಲ. ನೀರು ಕೇಳುದ್ಲು."

"ಕೊಟ್ರಾ?"

ಸುಬ್ರಮಣಿ ಇಲ್ಲವೆಂದು ತಲೆಯಾಡಿಸಿದ. ಆ ದೊಡ್ಡ ಮುಖ ಅಳಲು ಹೋಗಿ ಅಳಲಾರದೆ ವಿಕಾರವಾಯಿತು.

"ಕುಡಿಯಕ್ಕೆ ನೀರೂ ಕೊಡದೆ ಬಿಟ್ಟು ಬಂದ್ರಿ."

"ಸುಮ್ನೆ ಬಿಟ್ಟು ಬರ್ಲಿಲ್ಲ ಸಾರ್! ಫೋನ್ ಮಾಡ್ದೆ."

"ಆಂಬುಲೆನ್ಸಿಗಾ?"

"ಇಲ್ಲ." ಅವನು ಮೊದಲ ಬಾರಿ ಕೋದಂಡಪ್ಪನ ಮುಖವನ್ನು ನೇರ ನೋಡಿದ. "ನಿಮ್ಮ ಸ್ಟೇಷನ್ನೋರ್ಗೇ ಒಬ್ರಿಗೆ. ಪರಿಚಯದೋರು. ಟೈಮು ಆರೂ ಅತ್ತು ಆಗಿತ್ತು. 'ನಾಯಿ ಕರ್ಕಂಡು ಮನೇಗೆ ಓಗ್ಬುಡು. ಯಾರ್ಗೂ ಏಳ್ಬೇಡ. ಆಯಮ್ಮುನ್ನ ನಾನ್ ನೋಡ್ಕಂತೀನಿ' ಅಂದ್ರು. ಪೊಲೀಸ್ನೋರು ಬತ್ತಾರೆ ಅಂತ ನಂಬ್ಕಂಡು ಬಂದೆ."

ಹಾಲಿನ ವ್ಯಾನು ಬಂದದ್ದು ಏಳಕ್ಕೆ ಐದು ನಿಮಿಷ ಇರುವಾಗ. ಆರು ಹತ್ತರಿಂದ ಅಲ್ಲಿಯವರೆಗೆ ಮುಕ್ಕಾಲು ಗಂಟೆ. ಅರ್ಧ ಗಂಟೆ ಮುಂಚೆ ತಂದಿದ್ದರೆ ಉಳಿಯುತ್ತಿದ್ದರು ಎಂದು ಕೋಲಾರದ ಡಾಕ್ಟರು ಹೇಳಿದ್ದರು. ಅಷ್ಟು ಹೊತ್ತು ಆ ಹೆಂಗಸು ಮೈದಾನದಲ್ಲಿ ಒಬ್ಬಳೇ ಕುಳಿತು, ಆಮೇಲೆ ಮಲಗಿ, ಯಾರೋ ಬರುತ್ತಾರೆ ಎಂದು ಕಾದಿದ್ದಾಳೆ. ಬರಬೇಕಾದವನು ಬರಲಿಲ್ಲ.

"ಯಾರು ಅದು?"

"ಎಸ್ರು ಮಾತ್ರ ಕೇಳ್ಬೇಡಿ."

"ಸುಬ್ರಮಣಿ."

"ಜೈಲಿಗೆ ಆಕಿ ಸಾರ್, ಓಗ್ತೀನಿ. ಎಸ್ರು ಏಳಲ್ಲ. ಅವ್ರು ನಂಗೆ ಕೆಟ್ಟದ್ದು ಮಾಡಿಲ್ಲ."

ಕೋದಂಡಪ್ಪ ಕೈ ಚಾಚಿದ. ಸುಬ್ರಮಣಿ ತನ್ನ ಫೋನು ತೆಗೆದುಕೊಟ್ಟ. ಗುರುವಾರದ ಕರೆಗಳೆಲ್ಲ ಅಳಿಸಿಹೋಗಿದ್ದವು. ಕೋದಂಡಪ್ಪ ಅದನ್ನು ತನ್ನ ಜೇಬಿಗೆ ಹಾಕಿಕೊಂಡ.

"ನಾಯಿ ಎಲ್ಲಿದೆ? ಇದನ್ನಾದ್ರೂ ಹೇಳಿ."

"ಬೇತಮಂಗ್ಲ. ಕೆರೆ ಕಟ್ಟೆ ಕೆಳ್ಗೆ ಸೀನಪ್ಪ ಅಂತ, ನಮ್ ಲಾರಿ ಕ್ಲೀನರ್ ಆಗಿದ್ದೋನು. ಅವ್ನ ಅಸು ಕೊಟ್ಗೇಲಿ ಕಟ್ಟಿವ್ನಿ."

"ನಿಮ್ಮ ಆ ಪರಿಚಯದವರಿಗೆ ಈ ಜಾಗ ಗೊತ್ತಾ?"

"ಯಾರ್ಗೂ ಏಳಿಲ್ಲ. ಅವ್ರು ಕೇಳುದ್ರು, ಊರಾಚೆ ಕಳ್ಸಿವ್ನಿ ಅಂದೆ, ಅಷ್ಟೇ." ಬಾಗಿಲವರೆಗೂ ಹಿಂದೆಯೇ ಬಂದು ಕೇಳಿದ. "ಸಾರ್, ಅವ್ನನ್ನ ಸಾಯ್ಸಲ್ಲ ತಾನೇ? ಅವ್ನಿಗೆ ಏನೂ ತಿಳಿಯಲ್ಲ ಸಾರ್."

ಕನಕಮ್ಮನ ಮನೆಯಲ್ಲಿ ಯಾರಿದ್ದಾರೆ ಎಂದು ಮಾತ್ರ ಅವನು ಒಮ್ಮೆಯೂ ಕೇಳಲಿಲ್ಲ.

"ಮನೆ ಬಿಟ್ಟು ಕದಲಬೇಡಿ," ಎಂದಷ್ಟೇ ಹೇಳಿ ಕೋದಂಡಪ್ಪ ಗೇಟು ಎಳೆದುಕೊಂಡ.

* * *

ಕಾಂಪೌಂಡಿನ ನೆರಳಿನಲ್ಲಿ ನಿಂತು ಅವನು ಠಾಣೆಯವರ ಮುಖಗಳನ್ನು ಒಂದೊಂದಾಗಿ ನೆನೆದ. ಜೊತೆಗೆ ಬಂದೋಬಸ್ತಿಗೆ ಹೋದವರು, ಹಬ್ಬಕ್ಕೆ ಮನೆಗೆ ಕರೆದವರು, ಶಶಿರೇಖಳನ್ನು ಮಣ್ಣು ಮಾಡುವಾಗ ಹೆಗಲು ಕೊಟ್ಟವರು. ಅವರಲ್ಲೊಬ್ಬ, ರಕ್ತ ಸೋರುವ ಹೆಂಗಸನ್ನು ನಾನು ನೋಡಿಕೊಳ್ಳುತ್ತೇನೆ ಎಂದು ಹೇಳಿ, ಮಗ್ಗುಲು ಬದಲಿಸಿ ಮಲಗಿದ್ದಾನೆ. ಯಾರ ಮೇಲೆ ಅನುಮಾನ ಪಟ್ಟರೂ ಮೈಯಲ್ಲಿ ಏನೋ ಹರಿದಂತಾಗುತ್ತಿತ್ತು.

ಒಂದು ಮುಖವನ್ನು ಮಾತ್ರ ಅವನು ಆ ಸಾಲಿಗೆ ಸೇರಿಸಲೇ ಇಲ್ಲ. ಚಲಪತಿ.

ಹೆಡ್ ಕಾನ್‌ಸ್ಟೇಬಲ್ ಚಲಪತಿ ಅವನ ಬ್ಯಾಚಿನವನೇ. ಬಡ್ತಿಯಲ್ಲಿ ಹಿಂದೆ ಬಿದ್ದ, ಸ್ನೇಹದಲ್ಲಿ ಬೀಳಲಿಲ್ಲ. ಶಶಿರೇಖ ಹೋದ ಹದಿಮೂರನೆಯ ದಿನದಿಂದ ಇವತ್ತಿನವರೆಗೆ ಚಲಪತಿಯ ಹೆಂಡತಿ ಎರಡು ಬುತ್ತಿ ಕಟ್ಟುತ್ತಾಳೆ. ಒಂದು ಗಂಡನಿಗೆ, ಒಂದು ಕೋದಂಡಪ್ಪನಿಗೆ. ಇಡೀ ದಿನದಲ್ಲಿ ಕೋದಂಡಪ್ಪ ಇನ್ನೊಬ್ಬರ ಎದುರು ಕುಳಿತು ಉಣ್ಣುವುದು ಆ ಒಂದೇ ಊಟ.

ಫೋನು ಮಾಡಿದ.

"ಲೇ ಚಲ್ಪತಿ, ಪಕ್ಕದಾಗೆ ಯಾರಾದ್ರೂ ಇದಾರಾ?"

"ಇಲ್ಲ ಏಳು. ಊಟಕ್ಕೆ ಬರಲ್ವೇನ್ಲಾ? ಬದ್ನೆಕಾಯಿ ಎಣ್ಗಾಯಿ ಕಳ್ಸವ್ಳೆ."

ಕೋದಂಡಪ್ಪ ಎಲ್ಲವನ್ನೂ ಹೇಳಿದ. ಕರ್ಚೀಫು, ಕೋರೆಹಲ್ಲು, ಆರು ಹತ್ತರ ಕರೆ, ಬೇತಮಂಗಲದ ಕೊಟ್ಟಿಗೆ. ಹೇಳುತ್ತ ಹೇಳುತ್ತ ಎದೆ ಹಗುರವಾಯಿತು. "ಸುಬ್ರಮಣಿ ನಂಬರಿನ ಗುರುವಾರದ ಕಾಲ್ ಲಿಸ್ಟು ತರಿಸ್ಬೇಕು. ನಮ್ಮೋರಿಗೆ ಯಾರಿಗೂ ಗೊತ್ತಾಗಬಾರದು. ನಮ್ಮೋರಲ್ಲೇ ಒಬ್ಬ ಅವನೆ ಕಣ್ಲಾ."



"ಸರಿ," ಎಂದ ಚಲಪತಿ. "ಅದ್ನ ನಾನ್ ನೋಡ್ಕಂತೀನಿ. ನೀನು ಒಟ್ಟೆಗೇನಾದ್ರೂ ಆಕ್ಕಂಡು ಆಮೇಲೆ ಓಗು. ಆ ನಾಯಿ ಎಲ್ಗೂ ಓಗಲ್ಲ."

ಕೋದಂಡಪ್ಪ ಉಣ್ಣಲಿಲ್ಲ. ನೇರ ಪಶು ಆಸ್ಪತ್ರೆಗೆ ಹೋದ. ಅಂಥ ನಾಯಿಯನ್ನು ಮತ್ತಿನ ಔಷಧಿಯಿಲ್ಲದೆ ಮುಟ್ಟುವಂತಿಲ್ಲ. ಆದರೆ ಅರ್ಚನ ಕಷ್ಟದ ಹೆರಿಗೆಯಲ್ಲಿದ್ದ ಹಸುವೊಂದರ ಬಳಿ ಮೊಣಕೈವರೆಗೆ ಕೈಗವಸು ತೊಟ್ಟು ನಿಂತಿದ್ದರು. ಕರು ಭೂಮಿಗೆ ಬಿದ್ದು, ಅವರು ಕೈ ತೊಳೆದು, ಇಬ್ಬರೂ ಆಸ್ಪತ್ರೆಯ ಜೀಪು ಹತ್ತುವಾಗ ಒಂದು ಗಂಟೆ ಕಳೆದಿತ್ತು.

* * *

ಸೀನಪ್ಪನ ಕೊಟ್ಟಿಗೆ ಕೆರೆಕಟ್ಟೆಯ ಕೆಳಗೆ, ರಾಗಿ ಹೊಲದ ಅಂಚಿನಲ್ಲಿತ್ತು. ಎರಡು ಹಸು ಮೆಲುಕು ಹಾಕುತ್ತಿದ್ದವು. ಮೂರನೆಯ ಗೂಟದಲ್ಲಿ ದಪ್ಪ ಸರಪಳಿ ಇತ್ತು. ಸರಪಳಿಯ ತುದಿಯಲ್ಲಿ ಏನೂ ಇರಲಿಲ್ಲ.

"ಆಗ್ಲೇ ತಗಂಡೋದ್ರಲ್ಲ ಸಾಮಿ," ಎಂದ ಸೀನಪ್ಪ, ಹೆಗಲ ಟವೆಲನ್ನು ಕೈಗೆ ತೆಗೆದುಕೊಂಡು. "ಪೊಲೀಸ್ನೋರು. ಅರ್ದ ಗಂಟೆ ಆಯ್ತು."

"ಎಷ್ಟು ಜನ?"

"ಒಬ್ರೇ. ಗೂಡ್ಸ್ ಆಟೋ ಅವ್ರೇ ಓಡಿಸ್ಕಂಡು ಬಂದಿದ್ರು. ಯೂನಿಫಾರ್ಮ್ ಇರ್ಲಿಲ್ಲ. 'ಕೋದಂಡಪ್ಪನೋರು ಕಳ್ಸವ್ರೆ' ಅಂದ್ರು."

"ನಾನೇ ಕೋದಂಡಪ್ಪ."

ಸೀನಪ್ಪ ಒಮ್ಮೆ ಅವನನ್ನೂ ಒಮ್ಮೆ ಡಾಕ್ಟರನ್ನೂ ನೋಡಿದ. ಮುಖದ ಬಣ್ಣ ಇಳಿಯಿತು. "ನಂಗೇನ್ ಗೊತ್ತು ಸಾಮಿ... ನಾಯೀನೇ ಒಪ್ಕಂತು."

"ಅಂದ್ರೆ?"

"ಆರು ದಿನದಿಂದ ಅನ್ನ ಆಕಿವ್ನಿ, ನನ್ನ ಅತ್ರ ಸೇರಿಸ್ಲಿಲ್ಲ ಆ ಜೀವ. ಕೋಲಿನಾಗೆ ತಟ್ಟೆ ತಳ್ತಿದ್ದೆ. ಅವ್ರು ಬಂದು 'ಮೇಜರ್' ಅಂದಿದ್ದೇ ತಡ, ಬಾಲ ಆಡಿಸ್ಕಂಡು ಕಾಲು ನೆಕ್ತು. ತಾನಾಗೇ ಆಟೋ ಅತ್ತಿ ಕುಂತ್ಕಂತು. ಸಾಕಿದೋರೇ ಇರ್ಬೇಕು ಅಂದ್ಕಂಡೆ."

ಅರ್ಚನ ಖಾಲಿ ಸರಪಳಿಯನ್ನು ಎತ್ತಿ ನೋಡಿದರು. "ಈ ಜಾಗ ಯಾರಿಗೆ ಗೊತ್ತಿತ್ತು ಸಾರ್?"

ಸುಬ್ರಮಣಿಗೆ. ಅವನ ಫೋನು ಕೋದಂಡಪ್ಪನ ಜೇಬಿನಲ್ಲೇ ಇತ್ತು. ಕೋದಂಡಪ್ಪನಿಗೆ. ಮತ್ತೆ...

"ಗೊತ್ತಿಲ್ಲ ಡಾಕ್ಟ್ರೆ," ಎಂದ. ಅವನ ದನಿ ಅವನಿಗೇ ಬೇರೆ ಯಾರದೋ ಎನಿಸಿತು.

ಹೊರಗೆ ಬಂದು ಕಟ್ಟೆ ಹತ್ತಿದ. ಕೆರೆಯ ನೀರು ಬಿಸಿಲಿಗೆ ತಗಡಿನಂತೆ ಹೊಳೆಯುತ್ತಿತ್ತು. ಆಚೆ ದಡದಲ್ಲಿ ಒಬ್ಬ ಹೆಂಗಸು ಬಟ್ಟೆ ಒಗೆಯುತ್ತಿದ್ದಳು. ಸದ್ದು ಇಲ್ಲಿಗೆ ತಡವಾಗಿ ಬಂದು ತಲುಪುತ್ತಿತ್ತು. ಇನ್ನೊಬ್ಬ ಯಾರಿಗಾದರೂ ಹೇಳಿದ್ದೆನೇ ಎಂದು ಹುಡುಕಿದ. ಒಬ್ಬರ ಹೆಸರಾದರೂ ನೆನಪಿಗೆ ಬರಲಿ ಎಂದು ಬೇಡಿಕೊಂಡಂತೆ ಹುಡುಕಿದ. ಅವನ ಬದುಕಿನಲ್ಲಿ ಹೇಳಿಕೊಳ್ಳಲು ಇನ್ನೊಬ್ಬರಿರಲಿಲ್ಲ.

ಫೋನು ಬಡಿದುಕೊಂಡಿತು. ಪರದೆಯ ಮೇಲೆ ಚಲಪತಿಯ ಹೆಸರು.

"ಎಲ್ಲಿದ್ದೀಯ್ಲಾ?"

ಮೂವತ್ತಾರು ವರ್ಷದಲ್ಲಿ ಕೋದಂಡಪ್ಪ ಅವನಿಗೆ ಸುಳ್ಳು ಹೇಳಿರಲಿಲ್ಲ.

"ಇನ್ನೂ ಪಶು ಆಸ್ಪತ್ರೇಲೇ. ಡಾಕ್ಟ್ರು ಹೆರಿಗೆ ಕೇಸಲ್ಲವ್ರೆ."

"ಒಳ್ಳೇದಾಯ್ತು ಬುಡು. ಇವತ್ತು ಬೇತಮಂಗ್ಲಕ್ಕೆ ಓಗೋದು ಬ್ಯಾಡ. ನಾಳೆ ಇಬ್ರೂ ಸೇರ್ಕಂಡು ಓಗಾಣ. ಆ ನಾಯಿ ಮುಂದೆ ಒಬ್ನೇ ನಿಂತ್ಕಬಾರ್ದು ನೀನು."

"ನೀನೆಲ್ಲಿದ್ದೀಯ?"

"ಸ್ಟೇಷನ್ನಾಗೇ. ಬರ್ಕಂತಾ ಕುಂತಿವ್ನಿ."

ಆಗ ಕೇಳಿಸಿತು. ಚಲಪತಿಯ ದನಿಯ ಹಿಂದೆ, ತೀರ ಹತ್ತಿರದಿಂದ, ತಗಡಿನ ಮೇಲೆ ಉಗುರು ಕೆರೆಯುವ ಸದ್ದು. ಅದರ ಬೆನ್ನಿಗೇ ಒಂದು ಬೊಗಳು. ಒಂದೇ ಒಂದು. ದಪ್ಪ ಎದೆಯಿಂದ ಬಂದದ್ದು.

ಇಬ್ಬರೂ ಫೋನು ಇಡಲಿಲ್ಲ. ಆಚೆ ದಡದ ಹೆಂಗಸು ಬಟ್ಟೆ ಹಿಂಡಿ ಹೆಗಲಿಗೆ ಹಾಕಿಕೊಂಡು ದಡ ಹತ್ತತೊಡಗಿದ್ದಳು.

"ಕೋದಂಡ." ಇಷ್ಟು ಮೆಲ್ಲಗೆ ಚಲಪತಿ ಎಂದೂ ಅವನ ಹೆಸರು ಹಿಡಿದು ಕರೆದಿರಲಿಲ್ಲ. "ಕೇಳುಸ್ತಾ?"

"ಕೇಳುಸ್ತು."

"ಮುಚ್ಚಿರೋ ಗಣಿ ಶಾಫ್ಟ್ ತಾವ ಇದೀನಿ. ಮೈದಾನದ ಇಂದೆ, ತಂತಿ ಬೇಲಿ ಕಿತ್ತೋಗಿರೋ ಕಡೆ. ಗುಂಡಿ ಬಾಯಿ ಮ್ಯಾಲಿನ ತಗಡು ಸರಿಸಿ ಇಟ್ಟಿವ್ನಿ. ಇವ್ನನ್ನ ಇನ್ನೂ ತಳ್ಳಿಲ್ಲ." ನಾಯಿ ಮತ್ತೊಮ್ಮೆ ತಗಡು ಕೆರೆಯಿತು. "ಬರಂಗಿದ್ರೆ ಬಾ. ಡಾಕ್ಟ್ರೂ ಬ್ಯಾಡ, ಜೀಪೂ ಬ್ಯಾಡ. ಒಬ್ನೇ ಬಾ."